ಮೂರನೆಯ ಬೆಲ್ಲು

ಗಡಿಯಾರ ಇವತ್ತೂ ಹೊಡೆದುಕೊಳ್ಳಲಿಲ್ಲ. ಐದೂವರೆಗೆ ಅಲಾರಂ ಇಟ್ಟು ಮಲಗಿದ್ದ ಗೋವಿಂದಯ್ಯನಿಗೆ ಎಚ್ಚರವಾದದ್ದು ಕಿಟಕಿಯ ಬಿಸಿಲು ಮುಖಕ್ಕೆ ಬಿದ್ದ ಮೇಲೆ, ಹೆಂಡತಿ ವಸಂತಮ್ಮ ಬಂದು ಹೆಗಲು ಹಿಡಿದು ಅಲ್ಲಾಡಿಸಿದ ಮೇಲೆ. ಅದೂ ಹನ್ನೊಂದು ಗಂಟೆಗೆ ಮೈಸೂರಿನಿಂದ ಇನ್ಸ್‌ಪೆಕ್ಟರು ಕಾರ್ಖಾನೆ ನೋಡಲು ಬರುವ ದಿನವೇ. ಅವನು ಗಡಿಯಾರವನ್ನೆತ್ತಿ ಕಿವಿಯ ಹತ್ತಿರ ಹಿಡಿದು ಕುಲುಕಿ ಮತ್ತೆ ಗೂಡಿನಲ್ಲಿ ಕುಕ್ಕಿದ. ಯುಗಾದಿಗೆ ಮುಂಚೆ ಇದನ್ನು ಬಸ್‌ಸ್ಟ್ಯಾಂಡಿನ ಪಕ್ಕದ ವಾಚು ರಿಪೇರಿಯವನಿಗೆ ಕೊಟ್ಟಿದ್ದ. ಅವನು ಎರಡು ದಿನ ಇಟ್ಟುಕೊಂಡು, ಇದಕ್ಕೇನೂ ಆಗಿಲ್ಲವೆಂದು ಹಾಗೆಯೇ ವಾಪಸು ಕೊಟ್ಟಿದ್ದ. ಏನೂ ಆಗದಿದ್ದರೆ ಹೊಡೆದುಕೊಳ್ಳಬೇಕಲ್ಲ? ಈ ಊರಿನಲ್ಲಿ ಯಾವ ಕೆಲಸವನ್ನೂ ನೆಟ್ಟಗೆ ಮಾಡುವವರಿಲ್ಲ ಎಂದು ಹಲ್ಲುಜ್ಜುತ್ತಲೇ ಬೈದುಕೊಂಡ. ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದ ವಸಂತಮ್ಮನ ದವಡೆ ಅಲ್ಲಾಡಿತು. ಏನೋ ಹೇಳಿದಳೆಂದು ಗೊತ್ತಾಗಿ ಅವನು "ಹೂಂ" ಎಂದ. ಅವಳು ತಿರುಗಿದಳು.

"ಏನು ಊಂ? ಉಪ್ಪಿಟ್ಟು ಮಾಡ್ಲಾ, ತಂಗ್ಳು ಮುದ್ದೆ ತಿಂದ್ಕಂಡು ಓಯ್ತೀರಾ ಅಂತ ಕೇಳುದ್ರೆ ಊಂ ಅಂದ್ರೆ ನಾನು ಏನು ಅಂದ್ಕಳ್ಳಿ?"

"ಏನಾರ ಮಾಡು. ಮಾತಾಡೋವಾಗ ಇತ್ಲಾಗೆ ತಿರುಗಿ ಮಾತಾಡು. ಒಲೆ ಜೊತೆ ಮಾತಾಡ್ತಾ ಕೂತ್ರೆ ಯಾರಿಗೆ ಕೇಳ್ತದೆ?"

ವಸಂತಮ್ಮ ಅವನ ಮುಖವನ್ನೇ ನೋಡಿದಳು. ಜ್ವರ ಬಂದವರನ್ನು ನೋಡುವಂಥ ಈ ನೋಟ ಈಚೆಗೆ ಹೆಚ್ಚಾಗಿತ್ತು, ಅದು ಅವನಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಮುದ್ದೆಯನ್ನೇ ಎರಡು ತುತ್ತು ನುಂಗಿ ಅಂಗಿ ಹಾಕಿಕೊಂಡು ಹೊರಟ.

ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ರೇಷ್ಮೆಯ ಉದ್ದನೆಯ ಎಳೆಗಳ ಹಾಸು ಹಿಡಿದಿದ್ದರು. ಗೋಡೆಗೆ ಮೈ ಒತ್ತಿಕೊಂಡು ನಡೆಯಬೇಕಾಗಿತ್ತು. ಯಾರೋ ಹಾಸಿನ ಆ ಕಡೆಯಿಂದ ಅವನನ್ನು ಮಾತಾಡಿಸಿದರು, ಅವನು "ಹೂಂ, ಹೂಂ" ಎಂದು ತಲೆಯಾಡಿಸಿ ಮುಂದಕ್ಕೆ ಹೋದ. ಈ "ಹೂಂ" ಎಲ್ಲದಕ್ಕೂ ಒದಗುತ್ತಿತ್ತು. ಊಟವಾಯಿತೇ ಎಂದವರಿಗೂ ಮಳೆ ಬಂದೀತೇ ಎಂದವರಿಗೂ ಅದೇ ಸಾಕು. ಹಿಂದೆ ಈ ಬೀದಿಯಲ್ಲಿ ಕಣ್ಣು ಮುಚ್ಚಿ ನಡೆದರೂ ಯಾವ ಮನೆಯ ಮಗ್ಗದ ಹಲಗೆ ಸಡಿಲವಾಗಿದೆ, ಯಾರ ಮನೆಯಲ್ಲಿ ಹೊಸದಾಗಿ ಕಲಿಯುವವರು ಕೂತಿದ್ದಾರೆ ಎಂದು ಅವನು ಹೇಳಬಲ್ಲವನಾಗಿದ್ದ. ಅವನ ಅಪ್ಪ ಇದೇ ಬೀದಿಯ ಕೊನೆಯ ಮನೆಯಲ್ಲಿ ನೇಯುತ್ತಿದ್ದ. ಅಪ್ಪ ಕೆಮ್ಮುತ್ತಾ ಲಾಳಿ ಎಸೆಯುವಾಗ ಕೆಮ್ಮಿಗೂ ಲಾಳಿಗೂ ಒಂದು ಲೆಕ್ಕವಿರುತ್ತಿತ್ತು, ಮೂರು ಎಸೆತಕ್ಕೆ ಒಂದು ಕೆಮ್ಮು. ಈಗ ಬಾಗಿಲುಗಳ ಒಳಗೆ ನೋಡಿದರೆ ನೇಕಾರರ ಕೈ ಆಡುತ್ತಿತ್ತು, ಕಾಲು ಆಡುತ್ತಿತ್ತು, ಮಗ್ಗ ಮಾತ್ರ ಮೊದಲಿನ ಹಾಗೆ ಬಡಿಯುತ್ತಿರಲಿಲ್ಲ. ಹೊಡೆತದಲ್ಲಿ ಜೀವವೇ ಇಲ್ಲ, ಸೋಮಾರಿಗಳಾಗಿದ್ದಾರೆ ಎಂದು ಅವನು ತೀರ್ಮಾನಿಸಿದ್ದ. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಯಳಂದೂರಿನ ಬಸ್ಸು ಅವನ ಮೊಣಕೈಗೆ ತಗುಲಿಕೊಂಡೇ ಹೋಯಿತು. ಹಾರನ್ನು ಹೊಡೆಯದೆ ಬಸ್ಸು ನುಗ್ಗಿಸುತ್ತಾನೆಂದು ಬೈಯಲು ತಿರುಗಿದರೆ, ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ತನ್ನ ಕಿವಿಯನ್ನು ತಾನೇ ಹಿಡಿದು ಎಳೆದು ತೋರಿಸಿ ಏನೋ ಅಂದ. ಬೀಡಿ ಅಂಗಡಿಯ ಮುಂದೆ ನಿಂತಿದ್ದವರು ನಕ್ಕರು. ಗೋವಿಂದಯ್ಯ ಪಂಚೆ ಕೊಡವಿಕೊಂಡು ನಡೆದ. ಕಾರ್ಖಾನೆ ತಲುಪುವವರೆಗೂ ಆ ನಗು ಬೆನ್ನಿನ ಮೇಲೆ ಇರುವೆ ಹರಿದಂತೆ ಹರಿಯುತ್ತಲೇ ಇತ್ತು.

ಕಾರ್ಖಾನೆಯೆಂದರೆ ತಗಡಿನ ಮಾಡಿನ ಉದ್ದನೆಯ ಒಂದು ಹಾಲು, ಅದರ ಹಿಂದೆ ಒಂದು ಕೋಣೆ. ಕೋಣೆಯಲ್ಲಿ ರೇಷ್ಮೆಯ ಲಡಿಗಳನ್ನು ಬಾಬಿನ್ನಿಗೆ ಸುತ್ತುತ್ತಿದ್ದರು, ಹಾಲಿನಲ್ಲಿ ಆ ಎಳೆಗಳನ್ನು ಮೆಷಿನ್ನಿಗೆ ಹಾಕಿ ಹುರಿ ಮಾಡುತ್ತಿದ್ದರು. ಇಪ್ಪತ್ತೇಳು ಹೆಂಗಸರ ಮೇಲ್ವಿಚಾರಣೆ ಗೋವಿಂದಯ್ಯನದು. ಕೊಳ್ಳೇಗಾಲ ಇನ್ನೂ ಮದ್ರಾಸ್ ರಾಜ್ಯಕ್ಕೆ ಸೇರಿದ್ದಾಗ ಇಲ್ಲಿ ಎಣ್ಣೆ ಹಾಕುವವನಾಗಿ ಸೇರಿದವನು ಇಪ್ಪತ್ತೆರಡು ವರ್ಷ ಈ ತಗಡಿನ ಕೆಳಗೇ ಕಳೆದಿದ್ದ. ಸಾವಿರ ಕದಿರುಗಳು ಒಟ್ಟಿಗೆ ಸುತ್ತುವ ಆ ಗದ್ದಲದಲ್ಲಿ ಮನುಷ್ಯರ ದನಿಗೆ ಬೆಲೆಯೇ ಇರಲಿಲ್ಲ. ಹೆಂಗಸರು ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಚಿಮ್ಮಿದರೆ ಎಳೆ ಹರಿದಿದೆ ಎಂದು, ಹೆಬ್ಬೆರಳು ಬಾಯಿಗೆ ತಂದರೆ ಟೀ ಎಂದು, ಹೊಟ್ಟೆಯ ಮುಂದೆ ಕೈ ದುಂಡಗೆ ಆಡಿಸಿದರೆ ಯಜಮಾನರು ಬಂದರೆಂದು, ಇಲ್ಲದ ಮೀಸೆ ತೀಡಿದರೆ ಗೋವಿಂದಯ್ಯ ಬಂದನೆಂದು. ಅತ್ತೆಯ ಜಗಳ, ಮಗಳ ಬಾಣಂತನ, ಪಕ್ಕದ ಮನೆಯ ಗುಟ್ಟು ಎಲ್ಲವೂ ಬೆರಳುಗಳಲ್ಲೇ ಹಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಅವನಿಗೆ ಅದರಲ್ಲಿ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಹಾಲಿನೊಳಗೆ ಅವನಷ್ಟು ಚುರುಕಿನವನು ಇನ್ನೊಬ್ಬನಿರಲಿಲ್ಲ. ಹೊರಗೆ ಬಂದರೆ ಮಾತ್ರ ಜನ ಅದೇಕೋ ಈಗೀಗ ಬಾಯೊಳಗೇ ಮಾತು ಅರೆಯುತ್ತಿದ್ದರು.

ಬಾಗಿಲಲ್ಲಿ ಬಡಗಿ ಹೊಸ್ತಿಲನ್ನು ಕಳಚುತ್ತಿದ್ದ. ಅದೊಂದು ರಾಮಾಯಣ. ಬೆಂಕಿ ಬಿದ್ದಾಗ ಜನ ಎಡವದಂತೆ ಬಾಗಿಲಲ್ಲಿ ಮೆಟ್ಟಿಲಾಗಲಿ ತಡೆಯಾಗಲಿ ಇರಕೂಡದು, ಬಾಗಿಲು ಹೊರಕ್ಕೆ ತೆರೆಯಬೇಕು, ಕಟ್ಟಡದಲ್ಲಿರುವ ಪ್ರತಿಯೊಬ್ಬರಿಗೂ ಎಚ್ಚರಿಕೆ ತಲುಪುವ ಬೆಲ್ಲು ಇರಬೇಕು ಎಂದು ಮಾಘ ಮಾಸದಲ್ಲಿ ಕಾಗದ ಬಂದಿತ್ತು. ಇಲ್ಲದಿದ್ದರೆ ಬೀಗ. ಯಜಮಾನ ಹೊನ್ನಯ್ಯ ಬಾಗಿಲು ತಿರುಗಿಸಲು ಒಪ್ಪಿದರು, ಬೆಲ್ಲು ತರಿಸಲು ಒಪ್ಪಿದರು. ಹೊಸ್ತಿಲ ಮಾತೆತ್ತಿದಾಗ ಮಾತ್ರ ಕೈ ಮುಗಿದುಬಿಟ್ಟರು. "ನಮ್ಮಪ್ಪ ಪೂಜೆ ಮಾಡಿ ಇಟ್ಟ ಹೊಸ್ತಿಲು ಕಣಯ್ಯ. ಹೊಸ್ತಿಲಿಲ್ದಿದ್ರೆ ಲಕ್ಷ್ಮಿ ಎಲ್ಲಿ ನಿಂತ್ಕತಾಳೆ?" ಕಡೆಗೆ ಹೊಸ್ತಿಲನ್ನು ನಾಲ್ಕು ಬೋಲ್ಟಿನ ಮೇಲೆ ಕೂರಿಸಿ, ಇನ್ಸ್‌ಪೆಕ್ಟರು ಬರುವ ದಿನ ಕಳಚಿಟ್ಟು, ಅವರು ಹೋದ ಮೇಲೆ ಅರಿಶಿನ ಕುಂಕುಮವಿಟ್ಟು ಮತ್ತೆ ಕೂರಿಸುವುದೆಂದಾಯಿತು. ಈಗ ಅದನ್ನು ಇಬ್ಬರು ಎತ್ತಿ ಗೋಣಿಚೀಲದ ಹಿಂದೆ ಒರಗಿಸಿದರು. ಕುಂಕುಮ ಒಂದು ಚೂರೂ ಅಳಿಸಿರಲಿಲ್ಲ. ಸಂಜೆಗೆ ಅದು ತನ್ನ ಜಾಗಕ್ಕೆ ಬಂದುಬಿಡುತ್ತದೆ ಎಂದು ಗೋವಿಂದಯ್ಯ ಅದನ್ನೇ ನೋಡಿದ. ಬಡಗಿಯನ್ನು ಸುಮ್ಮನೆ ಗದರಿಸಿ ಒಳಗೆ ಹೋದ.

ಏಣಿಯ ಮೇಲೆ ಹನೂರಿನ ದೇವಣ್ಣ ನಿಂತಿದ್ದ. ಕಾರ್ಖಾನೆಯ ವೈರಿನ ಕೆಲಸವೆಲ್ಲ ಅವನದೇ. ಅವನು ಈಗ ಸಿಗಿಸುತ್ತಿದ್ದದ್ದು ಮೂರನೆಯ ಬೆಲ್ಲು. ಮೊದಲನೆಯದನ್ನು ಹಚ್ಚಿದ ದಿನ ಗೋವಿಂದಯ್ಯ ಅಂಗಳದಲ್ಲಿ ನಿಂತು ಒತ್ತಿಸಿ ನೋಡಿದ್ದ. ಅದು ಬಾರಿಸಲೇ ಇಲ್ಲ. ಬಾರಿಸುತ್ತಿದೆ ಎಂದು ದೇವಣ್ಣ ಸಾಧಿಸಿದ. ಇದೆಂಥದ್ದು ಸೊಳ್ಳೆ ಕೂಗಿದ ಹಾಗೆ ಎಂದು ಗೋವಿಂದಯ್ಯ ಅದನ್ನು ಬೆಂಗಳೂರಿನ ಅಂಗಡಿಗೆ ವಾಪಸು ಕಳಿಸಿದ. ನಿಜವಾಗಿ ಹೇಳಬೇಕೆಂದರೆ ಸೊಳ್ಳೆಯಷ್ಟೂ ಕೇಳಿಸಿರಲಿಲ್ಲ, ಆದರೆ ದೇವಣ್ಣನ ಮುಖ ನೋಡಿ ಅಷ್ಟಾದರೂ ಹೇಳಬೇಕೆನಿಸಿತ್ತು. ಎರಡನೆಯದೂ ಅದೇ ಹಾಡು. ಮೂರನೆಯದರ ಜೊತೆ ಅಂಗಡಿಯವರು ಒಂದು ಕಾಗದ ಇಟ್ಟಿದ್ದರು: ತಮ್ಮಲ್ಲಿ ಇದಕ್ಕಿಂತ ದೊಡ್ಡದಿಲ್ಲ, ಇದೂ ಸಾಲದಿದ್ದರೆ ದಯವಿಟ್ಟು ರೈಲ್ವೆಯವರನ್ನು ವಿಚಾರಿಸತಕ್ಕದ್ದು. ಈ ಕೊಂಕನ್ನು ಗೋವಿಂದಯ್ಯ ನಾಲ್ಕು ಸಲ ಓದಿ ಕಾಗದವನ್ನು ಹರಿದಿದ್ದ. ಈಗ ದೇವಣ್ಣ ಗುಂಡಿ ಒತ್ತಿದ. ಊಟದ ತಟ್ಟೆಯಗಲದ ಬೆಲ್ಲಿನ ಪಕ್ಕ ಸುತ್ತಿಗೆ ಎಷ್ಟು ಬೇಗ ಆಡಿತೆಂದರೆ ಅದು ಕಣ್ಣಿಗೆ ಮಸುಕಾಯಿತು. ಏಣಿಯ ಬುಡದಲ್ಲಿ ನಿಂತ ಗೋವಿಂದಯ್ಯನ ದವಡೆಯ ಮೂಳೆಯಲ್ಲಿ ಸಣ್ಣಗೆ ನಡುಕ ಹತ್ತಿತು. ಅದನ್ನೇ ಹಿಡಿದುಕೊಂಡು, "ಹೂಂ, ಇದು ಪರವಾಗಿಲ್ಲ" ಎಂದ.

ದೇವಣ್ಣ ಕೆಳಗಿಳಿದು ಅವನ ಮುಖಕ್ಕೆ ಮುಖ ತಂದು ಹೇಳಿದ: "ಮದ್ಲುನದೂವೆ ಇಂಗೇ ಬಾರುಸ್ತಿತ್ತು ಕಣ್ ಸಾ. ಗುಡ್ಡದ್ ತುದಿಗಂಟ ಕೇಳುಸ್ತಿತ್ತು."

"ನಿನ್ ತಲೆ. ಓಗಿ ಆ ಒಳಗಡೆ ವೈರು ಸರಿಯಾಗಿ ಸುತ್ತು. ಆ ಮೂಲೇಲಿ ಗಣಪತಿ ಪೆಂಡಾಲಿನ ಕೆಂಪು ಬಲ್ಬು ಇನ್ನೂ ನೇತಾಕಿದಿಯಲ್ಲ, ಅದನ್ನ ಕಿತ್ತಾಕು ಅಂತ ಎಷ್ಟು ಸಲ ಹೇಳ್ಲಿ?"

ದೇವಣ್ಣ ಬಗ್ಗಿ ಇಕ್ಕಳವನ್ನು ಚೀಲಕ್ಕೆ ಹಾಕುತ್ತಾ ಉದ್ದಕ್ಕೆ ಏನೋ ಹೇಳಿದ, ಗೋವಿಂದಯ್ಯ "ಹೂಂ" ಎಂದ. ದೇವಣ್ಣ ತಲೆಯೆತ್ತಿ ಅವನನ್ನೊಮ್ಮೆ ನೋಡಿ ಚೀಲ ಹೆಗಲಿಗೇರಿಸಿಕೊಂಡು ಹೋದ.

ಸುತ್ತುವ ಕೋಣೆಯ ಆ ಮೂಲೆಗೆ ಗೋವಿಂದಯ್ಯ ಎರಡು ತಿಂಗಳಿನಿಂದ ಸರಿಯಾಗಿ ಕಾಲಿಟ್ಟಿರಲಿಲ್ಲ. ಅಲ್ಲಿ ಕಿಟಕಿಯ ಪಕ್ಕದ ಮಣೆಯ ಮೇಲೆ ಚಿಕ್ಕಮಾದಮ್ಮ ಕೂರುತ್ತಿದ್ದಳು. ಕೌದಳ್ಳಿಯವಳು, ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಒಂಬತ್ತು ವರ್ಷ ಅದೇ ಮಣೆಯ ಮೇಲೆ ಕೂತು ಎಳೆ ಸುತ್ತಿದ್ದಳು. ಅವಳ ಬಾಬಿನ್ನಿನಲ್ಲಿ ಗಂಟು ಹುಡುಕಿದರೂ ಸಿಗುತ್ತಿರಲಿಲ್ಲ. ಹಾಲಿನ ಕೈಮಾತಿನಲ್ಲಿ ಅರ್ಧ ಅವಳು ಕಲಿಸಿದ್ದೇ. ಬಂದ ಕಾಗದದ ಏಳನೆಯ ಕಾಲಮ್ಮಿನಲ್ಲಿ ಹೀಗಿತ್ತು: ಎಚ್ಚರಿಕೆಯ ಸದ್ದು ಕೇಳಿಸದ ನೌಕರರ ಸಂಖ್ಯೆ, ಅವರಿಗಾಗಿ ಮಾಡಿರುವ ಏರ್ಪಾಡು. ಏನಯ್ಯ ಮಾಡೋದು ಎಂದು ಹೊನ್ನಯ್ಯ ಕೇಳಿದಾಗ ಗೋವಿಂದಯ್ಯನೇ ಹೇಳಿದ್ದ, ಅವಳನ್ನ ಕಳಿಸಿಬಿಟ್ರೆ ಸೊನ್ನೆ ಹಾಕಬೌದು, ಸೊನ್ನೆಗೆ ಏರ್ಪಾಡು ಬೇಕಾಗಲ್ಲ. ಹೊನ್ನಯ್ಯನಿಗೆ ಮನಸ್ಸಿರಲಿಲ್ಲ. ಅವಳ ಒಳ್ಳೆಯದಕ್ಕೇ ತಾನೆ, ಬೆಂಕಿ ಬಿದ್ದರೆ ಒಳಗೇ ಉಳಿದುಬಿಡುತ್ತಾಳೆ ಎಂದು ಗೋವಿಂದಯ್ಯ ಒಪ್ಪಿಸಿದ. ಒಂದು ಶನಿವಾರ ಎಲ್ಲರೂ ಹೊರಡುವ ಹೊತ್ತಿಗೆ ಅವಳನ್ನು ಕರೆದು ಕೈಯಲ್ಲೇ ಹೇಳಿದ: ಬೆಲ್ಲು, ಕಿವಿ, ಇಲ್ಲ, ಮನೆ. ಅವಳು ಗೋಡೆಯ ಕಡೆಗೆ ಕೈ ಮಾಡಿದಳು. ತನ್ನ ಕಣ್ಣು ಮುಟ್ಟಿಕೊಂಡಳು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, ತನ್ನ ತೋರುಬೆರಳನ್ನು ಅವನ ಕಿವಿಗೆ ಇನ್ನೇನು ತಾಗುವಷ್ಟು ಹತ್ತಿರ ತಂದು ಹಿಡಿದಳು. ಇಪ್ಪತ್ತೇಳು ಹೆಂಗಸರೂ ನೋಡುತ್ತಿದ್ದರು. ನಿನ್ನ ಕಿವಿಯೂ ಸೇದಿ ಕಿವುಡಾಗಲಿ ಎಂದು ಶಾಪ ಹಾಕುತ್ತಿದ್ದಾಳೆಂದು ಗೋವಿಂದಯ್ಯ ಅವಳ ಕೈಯನ್ನು ತಳ್ಳಿದ್ದ. ಅವಳು ಗೋಡೆಯನ್ನು ಯಾಕೆ ತೋರಿಸಿದಳು, ಕಣ್ಣನ್ನು ಯಾಕೆ ಮುಟ್ಟಿಕೊಂಡಳು ಎಂದು ಅವನು ಯೋಚಿಸಿರಲಿಲ್ಲ. ಆ ಬೆರಳೊಂದು ಮಾತ್ರ ನೆನಪಿನಲ್ಲಿ ಹಾಗೆಯೇ ನಿಂತಿತ್ತು, ಸ್ನಾನ ಮಾಡುವಾಗ, ಸಾರು ಕಲಸುವಾಗ, ಸುಮ್ಮನೆ ಕೂತಾಗ, ಕಿವಿಯ ಹತ್ತಿರ.

ಕಳೆದ ತಿಂಗಳು ನೆಂಟರ ಮನೆಯ ತಿಥಿಗೆಂದು ಕೌದಳ್ಳಿಗೆ ಹೋಗುವಾಗ ಅವಳನ್ನು ನೋಡಿದ್ದ. ಹನೂರು ದಾಟಿದ ಮೇಲೆ ರಸ್ತೆಗೆ ಜಲ್ಲಿ ಹಾಕುತ್ತಿದ್ದರು. ಅವಳು ಮಂಕರಿ ಹೊತ್ತು ಬಸ್ಸಿನ ಮುಂದೆಯೇ ನಡುರಸ್ತೆಯಲ್ಲಿ ನಡೆಯುತ್ತಿದ್ದಳು. ಡ್ರೈವರು ಹಾರನ್ನಿನ ರಬ್ಬರು ಬುಂಡೆಯನ್ನು ಮತ್ತೆ ಮತ್ತೆ ಅದುಮಿದ, ಅದುಮುತ್ತಾ ಬೈದ. ಅವಳು ತಿರುಗಲಿಲ್ಲ. ಬಸ್ಸಿನ ಮೂತಿ ಅವಳ ಬೆನ್ನಿಗೆ ಮಾರುದೂರವಿದ್ದಾಗ ಇನ್ನೊಬ್ಬ ಹೆಂಗಸು ಓಡಿಬಂದು ಸೆರಗು ಹಿಡಿದೆಳೆದಳು, ಜಲ್ಲಿ ಚೆಲ್ಲಿತು. ಗೋವಿಂದಯ್ಯ ಕಿಟಕಿಯ ಪಕ್ಕದಲ್ಲಿದ್ದವನು ತಲೆ ಒಳಕ್ಕೆ ಎಳೆದುಕೊಂಡ. ತಗಡಿನ ಮಾಡಿನ ಕೆಳಗೆ ಎಂದೂ ಬೀಳದ ಬೆಂಕಿಯಿಂದ ಅವಳನ್ನು ಉಳಿಸಿ ಇಲ್ಲಿ ದಿನಕ್ಕೆ ಹತ್ತು ಬಸ್ಸಿನ ಮುಂದೆ ಬಿಟ್ಟಂತಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆದದ್ದು ಇನ್ನೊಂದು. ಡ್ರೈವರು ಅಷ್ಟು ಅದುಮಿದರೂ ಆ ಹಾರನ್ನು ಅವನಿಗೂ ಕೇಳಿಸಿರಲಿಲ್ಲ. ಹಾರನ್ನು ಕೆಟ್ಟಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವಾಗಲೇ ಎದೆಯ ಯಾವುದೋ ಮೂಲೆಯಲ್ಲಿ, ಒಡೆಯಬಾರದೆಂದು ಇಟ್ಟ ಕಾಗದದಂತೆ ಇನ್ನೊಂದು ಮಾತು ಇತ್ತು. ಅದನ್ನು ಅವನು ಒಡೆಯಲಿಲ್ಲ.

ಇನ್ಸ್‌ಪೆಕ್ಟರು ಹನ್ನೊಂದೂವರೆಗೆ ಬಂದರು. ಇನ್ನೂ ಚಿಕ್ಕ ವಯಸ್ಸು, ಕನ್ನಡಕ, ತುಟಿಯ ಮೇಲೆ ಪೂರ್ತಿ ಇಳಿಬಿದ್ದ ಮೀಸೆ. ಸಾಲದ್ದಕ್ಕೆ ಕಾಗದದ ಕಡೆಗೇ ಮುಖ ಹಾಕಿಕೊಂಡು ಮಾತಾಡುವ ಅಭ್ಯಾಸ. ಗೋವಿಂದಯ್ಯ ಆ ಮುಖವನ್ನೇ ನೋಡಿದ. ಈ ಮೀಸೆಯ ಕೆಳಗಿನ ತುಟಿಯನ್ನು ಹೇಗೆ ನೋಡುವುದು? ಹೊನ್ನಯ್ಯನ ತುಟಿ ದಪ್ಪ, ವಸಂತಮ್ಮನದು ಅಭ್ಯಾಸವಾದದ್ದು, ಹೆಂಗಸರಿಗೆ ಕೈ ಇದೆ. ಹೀಗೆ ಲೆಕ್ಕ ಹಾಕಿದ ಮೇಲೆ, ಏನನ್ನು ಲೆಕ್ಕ ಹಾಕುತ್ತಿದ್ದೇನೆಂದು ಹೊಳೆದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಇನ್ಸ್‌ಪೆಕ್ಟರು ಬಾಗಿಲು ತಳ್ಳಿ ನೋಡಿದರು, ಹೊಸ್ತಿಲಿಲ್ಲದ ಜಾಗವನ್ನು ಬೂಟಿನಿಂದ ಸವರಿ ನೋಡಿದರು, ಕಾಗದದಲ್ಲಿ ಗುರುತು ಹಾಕಿದರು. ಆಮೇಲೆ ಏನೋ ಹೇಳಿದರು. ಹೊನ್ನಯ್ಯ ಅವನ ಕಡೆ ತಿರುಗಿ, "ಮಿಷನ್ ನಿಲ್ಲುಸ್ಬೇಕಂತೆ ಕಣಯ್ಯ, ಏನು ನೋಡ್ತಾ ನಿಂತಿದ್ದೀಯ" ಎಂದಾಗ ಅವನು ಓಡಿಹೋಗಿ ಮೆಷಿನ್ನುಗಳನ್ನು ತಿರುಗಿಸುವ ಪಟ್ಟಾ ಇಳಿಸಿದ.

ಅಂಗಾಲಿನ ಕೆಳಗಿನ ಅದುರು ನಿಂತಿತು. ಮೆಷಿನ್ನು ನಿಂತದ್ದು ಗೋವಿಂದಯ್ಯನಿಗೆ ಗೊತ್ತಾಗುತ್ತಿದ್ದದ್ದು ಹಾಗೆ. ಹೆಂಗಸರ ಕೈಗಳು ಮಡಿಲಿಗೆ ಇಳಿದವು, ಬಾಯಿಗಳು ಆಡತೊಡಗಿದವು, ಹಾಲಿನಲ್ಲಿ ಅವನು ತಟ್ಟನೆ ಒಂಟಿಯಾದ. ಇನ್ಸ್‌ಪೆಕ್ಟರು ಅವನನ್ನು ಹಾಲಿನ ಆ ತುದಿಗೆ ನಡೆಸಿ, ಹೆಗಲು ಹಿಡಿದು ಗೋಡೆಯ ಕಡೆಗೆ ತಿರುಗಿಸಿ, ಬೆಲ್ಲು ಕೇಳಿದಾಗ ಕೈ ಎತ್ತಬೇಕೆಂದು ತಾವೇ ಕೈ ಎತ್ತಿ ತೋರಿಸಿದರು. ಐವತ್ತು ವರ್ಷದವನು ಮೇಷ್ಟರ ಮುಂದೆ ನಿಂತ ಹಾಗೆ ಗೋಡೆಗೆ ಮುಖ ಮಾಡಿ ನಿಂತ. ಸುಣ್ಣದ ಮೇಲೆ ಯಾರೋ ಎಳೆ ಎಣಿಸಿದ ಗೀಟುಗಳಿದ್ದವು. ಅಪ್ಪನ ಕೆಮ್ಮು ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದ, ಅದೂ ಬರಲಿಲ್ಲ. ಬಲಗಡೆ ಕೊನೆಯ ಮೆಷಿನ್ನಿನ ಪಕ್ಕ ನಿಂತಿದ್ದ ಕೆಂಪಾಜಮ್ಮ, ಹೆಂಗಸರಲ್ಲೆಲ್ಲ ಹಿರಿಯಳು, ಸೆರಗು ಸರಿಮಾಡಿಕೊಳ್ಳುವವಳಂತೆ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕೈ ಸೆರಗಿನ ಮರೆಯಲ್ಲಿ ಮುಷ್ಟಿಯಾಗಿ ಅಲುಗಿತು. ಬಾರಿಸ್ತಾ ಅದೆ. ಗೋವಿಂದಯ್ಯ ಕೈ ಎತ್ತಿದ. ಕೆಂಪಾಜಮ್ಮನ ಮುಷ್ಟಿ ಬಿಚ್ಚಿತು. ಅವನು ಕೈ ಇಳಿಸಿದ. ಅವಳ ಮುಖ ನೋಡಿದ. ಆ ಮುಖದಲ್ಲಿ ಗಾಬರಿಯಾಗಲಿ ಅವಸರವಾಗಲಿ ಇರಲಿಲ್ಲ, ದಿನವೂ ಮಾಡುವ ಕೆಲಸದ ನಿರಾಳವಿತ್ತು. ಮೆಷಿನ್ನು ನಿಂತ ಮೇಲೂ ಇವರು ತನ್ನ ಜೊತೆ ಕೈಯಲ್ಲೇ ಮಾತಾಡುತ್ತಿದ್ದರೆಂಬುದು, ಒಂದು ವರ್ಷದಿಂದ, ಎರಡು ವರ್ಷದಿಂದಲೋ, ತಾನು ಬೈಯುವಾಗಲೂ ಬೈಸಿಕೊಂಡು ಕೈಯಲ್ಲೇ ಉತ್ತರ ಕೊಡುತ್ತಿದ್ದರೆಂಬುದು ಅವನಿಗೆ ಆಗ ಗೊತ್ತಾಯಿತು. ನೆಲ ಬಾಯಿಬಿಡಬಾರದೇ ಎನಿಸಿತು. ಡ್ರೈವರು ಕಿವಿ ಎಳೆದು ತೋರಿಸಿದ್ದಕ್ಕಿಂತ ಈ ದಯೆ ಹೆಚ್ಚು ಉರಿಯಿತು.

ಆಮೇಲೆ ಇನ್ಸ್‌ಪೆಕ್ಟರು ಹಿಂದಿನ ಕೋಣೆಯ ಕಡೆಗೆ ಕೈ ತೋರಿಸಿದರು. ಬಾಗಿಲು ಹಾಕಿಕೊಂಡು ಒಳಗೆ ನಿಲ್ಲಬೇಕು, ಬೆಲ್ಲು ಕೇಳಿದರೆ ಹೊರಗೆ ಬರಬೇಕು ಎಂದು ಹೊನ್ನಯ್ಯ ಅವನಿಗೆ ತಿಳಿಸಿದರು. ಕೆಂಪಾಜಮ್ಮ ಹಿಂದೆಯೇ ಬರಲು ನೋಡಿದಳು. ಅವರು ಅವಳನ್ನು ತಡೆದರು. ಬಾಗಿಲು ಮುಚ್ಚಿತು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಲಡಿಗಳು ರಾಟೆಗಳ ಮೇಲೆ ಹಾಗೆಯೇ ನಿಂತಿದ್ದವು, ಒದ್ದೆ ರೇಷ್ಮೆಯ ಕಮಟು ತುಂಬಿತ್ತು. ಬಾಗಿಲಿನ ಸಂದಿಗೆ ಕಣ್ಣು ಹಚ್ಚೋಣವೆಂದರೆ ಹೊಸ ಬಾಗಿಲಿಗೆ ಸಂದಿಯೂ ಇಲ್ಲ. ಈ ಬಡಗಿ ಜೀವನದಲ್ಲಿ ಒಂದೇ ಒಂದು ಕೆಲಸ ನೆಟ್ಟಗೆ ಮಾಡಿದ್ದ, ಅದೂ ಇಂಥದ್ದನ್ನು. ಸುಮ್ಮನೆ ಒಂದು ಅಂದಾಜಿನಲ್ಲಿ ಹೊರಗೆ ಹೋಗಿಬಿಡಲೇ? ಬಾರಿಸುವ ಮುಂಚೆ ಹೋದರೆ? ಹೋಗದೇ ಇದ್ದರೆ? ನಿಲ್ಲಲಾಗದೆ ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತ. ಮಣೆ ನಡುವೆ ಸವೆದು ತಗ್ಗಾಗಿತ್ತು. ಒಂಬತ್ತು ವರ್ಷ ಅವಳು ಕೂತು ಆದ ತಗ್ಗು. ತಾನು ಅವಳನ್ನು ಕಳಿಸಿದ್ದು ಬೆಂಕಿಗೂ ಅಲ್ಲ, ಕಾಲಮ್ಮಿಗೂ ಅಲ್ಲ ಎಂದು ಅವನಿಗೆ ಆ ತಗ್ಗಿನಲ್ಲಿ ಕೂತಾಗ ಒಪ್ಪಿಕೊಳ್ಳಬೇಕಾಯಿತು. ಕಳೆದ ಚಳಿಗಾಲದಿಂದ ಅವಳು ಅವನಿಗೆ ಏನಾದರೂ ಹೇಳುವಾಗ ಕೈಯನ್ನು ನಿಧಾನವಾಗಿ, ದೊಡ್ಡದಾಗಿ ಆಡಿಸುತ್ತಿದ್ದಳು. ಉಳಿದವರ ಜೊತೆ ಹಾಗೆ ಮಾಡುತ್ತಿರಲಿಲ್ಲ. ತನ್ನಂಥವನೊಬ್ಬ ಸಿಕ್ಕಿದ ಎಂಬಂತೆ ನೋಡುತ್ತಿದ್ದಳು. ಆ ನೋಟ ಕಣ್ಣೆದುರಿಗೆ ಇರಬಾರದೆಂದೇ ಅವನು ಸೊನ್ನೆಯ ನೆಪ ಹೂಡಿದ್ದ.

ಎದುರಿನ ಗೋಡೆ ಕೆಂಪಾಯಿತು.

ಮೊದಲು ಅವನಿಗೆ ಏನೆಂದು ತಿಳಿಯಲಿಲ್ಲ. ತಲೆಯೆತ್ತಿದರೆ ಗಣಪತಿ ಪೆಂಡಾಲಿನ ಆ ಕೆಂಪು ಬಲ್ಬು ಉರಿಯುತ್ತಿತ್ತು. ಮಣೆಯ ಮೇಲೆ ಕೂತವರ ಕಣ್ಣಿಗೆ ನೇರವಾಗಿ ಬೀಳುವ ಹಾಗೆ ಕಟ್ಟಿದ್ದರು. ನಿಂತವರಿಗೆ ತೊಲೆ ಮರೆಯಾಗುತ್ತಿತ್ತು. ಬಲ್ಬಿನ ಹಿಂದಿನ ವೈರು ಗೋಡೆಯಗುಂಟ ಹೋಗಿ ತೂತಿನಲ್ಲಿ ತೂರಿ ಹಾಲಿನ ಬೆಲ್ಲಿನ ಕಡೆಗೆ ಹೋಗಿತ್ತು. ಬಲ್ಬು ಆರಿತು. ಮತ್ತೆ ಹತ್ತಿತು, ಅವನು ಬರಲಿಲ್ಲವೆಂದು ಮತ್ತೆ ಒತ್ತುತ್ತಿರಬೇಕು. ಆಗ ಆ ದಿನ ಇಡಿಯಾಗಿ ಅವನ ಕಣ್ಣ ಮುಂದೆ ಬಂತು. ಮೊದಲ ಬೆಲ್ಲು ಬಂದ ದಿನ. ದೇವಣ್ಣ ಏಣಿಯ ಮೇಲಿದ್ದ, ಹಲ್ಲಿನ ನಡುವೆ ಸ್ಕ್ರೂ ಕಚ್ಚಿಕೊಂಡಿದ್ದ. ಈ ಮೂಲೆಯ ಕಡೆ ಬೆರಳು ತೋರಿಸಿದ, ಚಿಕ್ಕಮಾದಮ್ಮನನ್ನು ತೋರಿಸಿದ, ಏನೋ ಕೇಳಿದ. ಸ್ಕ್ರೂ ಕಚ್ಚಿದ ಬಾಯಿಯಲ್ಲಿ ಒಂದು ಅಕ್ಷರವೂ ಕಾಣಿಸಲಿಲ್ಲ. ಗೋವಿಂದಯ್ಯ "ಹೂಂ" ಎಂದಿದ್ದ. ಆ ಹೂಂ ನಂಬಿಕೊಂಡು ದೇವಣ್ಣ ಇದನ್ನು ಕಟ್ಟಿದ್ದ, ಅವಳಿಗೆ ತೋರಿಸಿಯೂ ಇದ್ದ. ಅದಕ್ಕೇ ಆ ಶನಿವಾರ ಅವಳು ಮೊದಲು ಗೋಡೆಯನ್ನು ತೋರಿಸಿದ್ದಳು, ಆಮೇಲೆ ಕಣ್ಣು ಮುಟ್ಟಿಕೊಂಡಿದ್ದಳು. ದೀಪ ಅದೆ, ನಂಗೆ ಕಾಣುತ್ತೆ. ಕಡೆಗೆ ಅವನ ಕಿವಿಯ ಹತ್ತಿರ ತಂದ ಬೆರಳು ಶಾಪವಾಗಿರಲಿಲ್ಲ. ನಿಂಗೂ ಬೇಕಾಗ್ತದೆ ಎಂದಿದ್ದಳು.

ಬಲ್ಬು ಮೂರನೆಯ ಸಲ ಹತ್ತಿದಾಗ ಅವನು ಎದ್ದು ಬಾಗಿಲು ತಳ್ಳಿ ಹೊರಗೆ ಬಂದ. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು, ತಡವಾಯಿತು ಎನ್ನುವಂತೆ ಕೈ ಆಡಿಸಿದರು, ಆದರೂ ತಲೆಯಾಡಿಸಿ ಗುರುತು ಹಾಕಿದರು. ಎಲ್ಲಾ ಮುಗಿದಂತೆಯೇ. ಹೊನ್ನಯ್ಯನ ಮುಖ ಅರಳಿತ್ತು, ಟೀಗೆ ಹೇಳಿಯಾಗಿತ್ತು. ಮೂವರೂ ಬಾಗಿಲ ಬಳಿಯ ಮೇಜಿನ ಸುತ್ತ ನಿಂತರು, ಕೆಂಪಾಜಮ್ಮನನ್ನು ಬಿಟ್ಟು ಉಳಿದ ಹೆಂಗಸರು ಹೋಗಿ ತಮ್ಮ ಜಾಗದಲ್ಲಿ ಕೂತರು. ಇನ್ಸ್‌ಪೆಕ್ಟರು ಕಾಗದದ ಮೇಲೆ ಬಗ್ಗಿ ಒಂದೊಂದೇ ಕಾಲಮ್ಮು ತುಂಬುತ್ತಾ ಕೇಳುತ್ತಾ ಹೋದರು, ಹೊನ್ನಯ್ಯ ಉತ್ತರ ಹೇಳುತ್ತಾ ಹೋದರು. ಒಂದು ಕಡೆ ಪೆನ್ನು ನಿಂತಿತು. ಗೋವಿಂದಯ್ಯ ಮೇಜಿನ ಈ ಕಡೆಯಿಂದ ತಲೆಕೆಳಗಾದ ಅಂಕ ಓದಿದ. ಏಳು. ಇನ್ಸ್‌ಪೆಕ್ಟರು ಮುಖ ಎತ್ತದೆಯೇ ಏನೋ ಕೇಳಿದರು. ಹೊನ್ನಯ್ಯ ಅವನ ಕಡೆ ನೋಡಿದರು. ಮೇಲ್ವಿಚಾರಕ ಹೇಳಬೇಕಾದ ಮಾತು ಅದು.

"ಹೂಂ" ಗಂಟಲಿಗೆ ಬಂದು ನಿಂತಿತ್ತು. ಒಂದು ಹೂಂ ಸಾಕಿತ್ತು. ಸಂಜೆ ಹೊಸ್ತಿಲು ತನ್ನ ಜಾಗಕ್ಕೆ ಬರುತ್ತಿತ್ತು, ನಾಳೆ ಪಟ್ಟಾ ಏರುತ್ತಿತ್ತು, ಹೆಂಗಸರು ಕೈಯಲ್ಲಿ ಮಾತಾಡುತ್ತಾ ಅವನನ್ನು ಇನ್ನೂ ಎಷ್ಟೋ ವರ್ಷ ಮುಚ್ಚಿಟ್ಟುಕೊಳ್ಳುತ್ತಿದ್ದರು. ಕಿವುಡನನ್ನು ಮೇಲ್ವಿಚಾರಕನಾಗಿ ಯಾರು ಇಟ್ಟುಕೊಳ್ಳುತ್ತಾರೆ? ಈ ವಯಸ್ಸಿನಲ್ಲಿ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಮಗ್ಗದ ಮುಂದೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಮೇಜಿನ ಆಚೆ ನಿಂತಿದ್ದ ಕೆಂಪಾಜಮ್ಮನ ಕೈ ಮತ್ತೆ ಸೆರಗಿನ ಮರೆಗೆ ಹೋಯಿತು. ಇನ್ಸ್‌ಪೆಕ್ಟರು ಏನು ಕೇಳಿದರೆಂದು ಹೇಳಲು ಬೆರಳು ಎತ್ತಿದಳು. ಗೋವಿಂದಯ್ಯ ಬೇಡವೆಂದು ಅವಳಿಗೆ ಕೈ ಮಾಡಿದ.

"ಸ್ವಲ್ಪ ಮುಖ ಎತ್ತಿ ಕೇಳಿ ಸಾರ್," ಎಂದ. "ನಂಗೆ ಕಿವಿ ಕೇಳ್ಸಲ್ಲ."

ಪೆನ್ನು ಹಾಗೆಯೇ ನಿಂತಿತು. ಇನ್ಸ್‌ಪೆಕ್ಟರು ಮುಖ ಎತ್ತಿದರು. ಪಕ್ಕದಲ್ಲಿ ಹೊನ್ನಯ್ಯನ ದಪ್ಪ ತುಟಿಗಳು ಬೇಗ ಬೇಗ ಆಡುತ್ತಿದ್ದದ್ದು ಕಣ್ಣಂಚಿಗೆ ಕಂಡರೂ ಅವನು ಅತ್ತ ನೋಡಲಿಲ್ಲ.

"ಏಳನೇದ್ರಲ್ಲಿ ಸೊನ್ನೆ ಬ್ಯಾಡಿ, ಎರಡು ಅಂತ ಬರೀರಿ. ನಾನೊಬ್ಬ, ಚಿಕ್ಕಮಾದಮ್ಮ ಅಂತ ಒಬ್ಳು. ಏರ್ಪಾಡು ಅಂದ್ರೆ, ಒಳಗೆ ಕೆಂಪು ದೀಪ ಅದೆ, ದೇವಣ್ಣ ಮಾಡವ್ನೆ, ಬಂದು ನೋಡಿ. ಅವ್ಳು ಕೌದಳ್ಳಿ ರಸ್ತೇಲಿ ಜಲ್ಲಿ ಓರ್ತಾವ್ಳೆ. ಮದ್ಯಾನದ ಬಸ್ಸಿಗೆ ಓಗಿ ನಾನೇ ಕರ್ಕಂಡು ಬತ್ತೀನಿ."

ಅವನ ದನಿ ಎಷ್ಟು ಜೋರಾಗಿತ್ತೋ ಅವನಿಗೆ ಗೊತ್ತಾಗಲಿಲ್ಲ. ಹಾಲಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತಿದ್ದರು.